ಶ್ರಾವಣದಲ್ಲೊಂದು ಏಷ್ಯಾ ಓದು

(ವಿಜಯಪುರದ ಓದುಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಿರಿಯರೇ, ಓದುಗ ಗೆಳೆಯರೇ,

ಶ್ರಾವಣ ಬಂತೆಂದರೆ ನಮ್ಮ ಕಡೆ ಮಠ-ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ದಿನಾ ಸಂಜೆ ಅದೇ ಹೊತ್ತು, ಅದೇ ಗ್ರಂಥ. ದಿನಕ್ಕಿಷ್ಟು ಅಂತ ಪಾಲು ಮಾಡಿಕೊಂಡು ತಿಂಗಳ ಕೊನೆಗೆ ಮಂಗಲ ಮಾಡುತ್ತಾರೆ. ಈ ಶ್ರಾವಣದಲ್ಲಿ ಏಷ್ಯಾದ ಲೇಖಕರನ್ನು ಓದಬೇಕೆಂದು ನಿಶ್ಚಯಿಸಿದ ನಿಮಗೆ ನಾನು ಹೇಳುವುದೂ ಅದನ್ನೇ: ಪುಸ್ತಕ ಕಡಿಮೆ ಇರಲಿ, ದಿನದ ಪಾಲು ತಪ್ಪದಿರಲಿ. ಮೂವತ್ತು ದಿನಕ್ಕೆ ಮೂವತ್ತು ದೇಶ ಎಂದು ಹೊರಟವರು ಎರಡನೇ ವಾರಕ್ಕೆ ಬರೀ ಬೆನ್ನುಡಿ ಓದುತ್ತಿರುತ್ತಾರೆ.

ಏಷ್ಯಾದ ಬರಹಗಾರರು ಈ ಊರಿಗೆ ಹೊಸಬರಲ್ಲ. ಕ್ಯಾಸ್ಪಿಯನ್ ಸಮುದ್ರದ ಕಡೆಯ ಅಸ್ತರಾಬಾದಿನಲ್ಲಿ ಹುಟ್ಟಿದ ಫಿರಿಶ್ತಾ ತನ್ನ ದೊಡ್ಡ ಇತಿಹಾಸವನ್ನು ಬರೆದದ್ದು ಇಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ. ಆ ದೊರೆ ದಖನಿಯಲ್ಲಿ ಕಟ್ಟಿದ ‘ಕಿತಾಬ್-ಎ-ನವರಸ್’ ಹಾಡುಗಳಲ್ಲಿ ಸರಸ್ವತಿಯ, ಗಣಪತಿಯ ಸ್ತುತಿ ಇದೆ. ಅದಕ್ಕೆ ಪಾರ್ಸಿಯಲ್ಲಿ ಮುನ್ನುಡಿ ಬರೆದವನು ಇರಾನಿನಿಂದ ಬಂದ ಜುಹೂರಿ. ಅಸರ್ ಮಹಲಿನಲ್ಲಿದ್ದ ಅರಬ್ಬಿ-ಪಾರ್ಸಿ ಹಸ್ತಪ್ರತಿಗಳು 19ನೇ ಶತಮಾನದಲ್ಲಿ ಲಂಡನ್ನಿಗೆ ಹೋದವು. ಆದ್ದರಿಂದ ವಿಜಯಪುರದಲ್ಲಿ ಕೂತು ಓದುವವರು ಪಾರ್ಸಿಯಿಂದ ಶುರು ಮಾಡುವುದು ಸಹಜ. ಜಪಾನಿನಿಂದ ಶುರು ಮಾಡುವ ರೂಢಿ ಬೇರೆ ಊರಿನವರಿಗಿರಲಿ.

ಮೊದಲು ಲೆಕ್ಕ. ಸಲೀಸಾಗಿ ಕನ್ನಡ ಓದುವವರಿಗೆ ದಿನದ ನಲವತ್ತು ನಿಮಿಷಕ್ಕೆ 25 ಪುಟ ಆಗುತ್ತದೆ, ಇಂಗ್ಲಿಷಾದರೆ ಹದಿನೈದು ಎಂದು ಹಿಡಿಯಿರಿ. ಶ್ರಾವಣದಲ್ಲಿ ಪಂಚಮಿ, ಸೋಮವಾರಗಳು, ಬಂದು ಹೋಗುವ ನೆಂಟರು ಎಲ್ಲ ಕಳೆದರೆ ಕೈಗೆ ಸಿಗುವುದು 24 ದಿನ. ಕನ್ನಡದಲ್ಲಿ 600 ಪುಟ, ಇಂಗ್ಲಿಷಿನಲ್ಲಿ 360. ಇದು ನಿಮ್ಮ ಬಂಡವಾಳ, ಇದರಾಚೆ ಸಾಲ ಮಾಡಬೇಡಿ. ಕನ್ನಡದ ಆರುನೂರರಲ್ಲಿ ಕಾದಂಬರಿಗೆ ಮುನ್ನೂರು, ಕಿರುಕಾದಂಬರಿಗೆ ನೂರಿಪ್ಪತ್ತು, ಕತೆಗಳಿಗೆ ನೂರಿಪ್ಪತ್ತು, ಕಾವ್ಯಕ್ಕೆ ಅರವತ್ತು. ಕಾವ್ಯದ ಅರವತ್ತನ್ನು ದಿನಕ್ಕೆ ಎರಡು-ಮೂರು ಪುಟವಾಗಿ ತಿಂಗಳಿಡೀ ಹರಡಿ. ಒಂದೇ ವಾರದಲ್ಲಿ ಮುಗಿಸಿದ ಕಾವ್ಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ದೊಡ್ಡ ಗ್ರಂಥಗಳನ್ನು ಇಡಿಯಾಗಿ ಎತ್ತಿಕೊಳ್ಳಬೇಡಿ. ಪಾರ್ಸಿ ಕವಿ ಫಿರ್ದೌಸಿ 1010ರ ಹೊತ್ತಿಗೆ ಮುಗಿಸಿದ ‘ಶಾಹನಾಮೆ’ಯಲ್ಲಿ ಸುಮಾರು 50,000 ದ್ವಿಪದಿಗಳಿವೆ. ಅದರಿಂದ ರುಸ್ತುಂ-ಸೊಹ್ರಾಬರ ಪ್ರಸಂಗವೊಂದನ್ನೇ ತೆಗೆದುಕೊಂಡು ಪಕ್ಕದಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಬಭ್ರುವಾಹನನ ಕಾಳಗವನ್ನು ಇಡಿ. ಎರಡರಲ್ಲೂ ತಂದೆ-ಮಗ ಕಾದುತ್ತಾರೆ. ನಮ್ಮಲ್ಲಿ ಮಗನ ಕೈಯಿಂದ ತಂದೆ ಬೀಳುತ್ತಾನೆ, ಪಾತಾಳದಿಂದ ಮಣಿ ಬರುತ್ತದೆ, ಅರ್ಜುನ ಎದ್ದು ಕೂರುತ್ತಾನೆ. ಅಲ್ಲಿ ತಂದೆಯ ಕೈಯಿಂದ ಮಗ ಬೀಳುತ್ತಾನೆ. ಗಾಯ ಮಾಯಿಸುವ ಔಷಧ ದೊರೆ ಕಾವೂಸನ ಬಳಿ ಇದೆ. ಆದರೆ ರುಸ್ತುಂ, ಸೊಹ್ರಾಬ್ ಇಬ್ಬರೂ ಒಂದಾದರೆ ತನ್ನ ಗದ್ದುಗೆಗೆ ಸಂಚಕಾರ ಎಂಬ ಭಯದಿಂದ ಅವನು ಅದನ್ನು ಕೊಡುವುದಿಲ್ಲ. ಒಂದು ಕಡೆ ಮಣಿ ಬಂತು, ಇನ್ನೊಂದು ಕಡೆ ಔಷಧ ಬರಲಿಲ್ಲ. ದೊಡ್ಡಾಟ ನೋಡಿ ಬೆಳೆದವರಿಗೆ ಈ ವ್ಯತ್ಯಾಸದ ಮೇಲೆ ಒಂದಿಡೀ ಸಂಜೆ ಮಾತಾಡಲಿಕ್ಕೆ ಸಿಗುತ್ತದೆ. ಜಪಾನಿನ ‘ಗೆಂಜಿ ಮೊನೊಗತಾರಿ’ಯದೂ ಇದೇ ಲೆಕ್ಕ: 54 ಅಧ್ಯಾಯಗಳಲ್ಲಿ ನಾಲ್ಕನೆಯದೊಂದು ಸಾಕು.

ಕಿರುಕಾದಂಬರಿಗೆ ನನ್ನ ಆಯ್ಕೆ ಪ್ಯಾಲೆಸ್ತೀನಿನ ಘಸ್ಸಾನ್ ಕನಫಾನಿಯ 1963ರ ‘ಮೆನ್ ಇನ್ ದ ಸನ್’. ಕೆಲಸ ಹುಡುಕಿ ಬಸ್ರಾದಿಂದ ಕುವೈತಿಗೆ ಕದ್ದು ಹೊರಟ ಮೂವರ ಕತೆ ಇದು. ಲಾರಿಯ ಖಾಲಿ ನೀರಿನ ಟ್ಯಾಂಕಿನೊಳಗೆ ಅವರು ಅಡಗಬೇಕು. ಚೌಕಿ ದಾಟುವಷ್ಟು ಹೊತ್ತು, ಆರೇಳು ನಿಮಿಷ ಮಾತ್ರ, ಎನ್ನುತ್ತಾನೆ ಚಾಲಕ. ಮೇಲೆ ಮರಳುಗಾಡಿನ ಬಿಸಿಲು. ಎರಡನೇ ಚೌಕಿಯಲ್ಲಿ ಗುಮಾಸ್ತರು ಚಾಲಕನನ್ನು ಹಿಡಿದಿಟ್ಟುಕೊಂಡು ಚೇಷ್ಟೆಯ ಮಾತಿಗೆ ಇಳಿಯುತ್ತಾರೆ, ಕಾಗದದ ಮೇಲೆ ಸಹಿ ಬೀಳುವುದಿಲ್ಲ. ಇಲ್ಲಿ ದಿನದ ಪಾಲಿನ ನಿಯಮ ಬಿಡಿ. ಕತೆಯ ಕಾಲ ನಿಮಿಷದ ಲೆಕ್ಕದಲ್ಲಿ ಓಡುವುದರಿಂದ ಮೂರು ದಿನಕ್ಕೆ ಹಂಚಿದರೆ ಆ ಬಿಗಿ ಸಡಿಲಾಗುತ್ತದೆ. ಒಂದು ಭಾನುವಾರ ಒಂದೇ ಪಟ್ಟಿಗೆ ಓದಿ ಮುಗಿಸಿ. ಗೋವೆಗೆ, ಮುಂಬಯಿಗೆ ಗುಳೆ ಹೋಗುವ ಜನರ ಜಿಲ್ಲೆಯಲ್ಲಿ ಈ ಕತೆಗೆ ಪೀಠಿಕೆ ಬೇಕಾಗಿಲ್ಲ.

ದೊಡ್ಡ ಕಾದಂಬರಿಗೆ ಇಂಡೊನೇಷ್ಯಾದ ಪ್ರಮುದ್ಯ ಅನಂತ ತೂರ್ ಅವರ ‘ಬೂಮಿ ಮನುಸಿಯಾ’. 1969ರಿಂದ 1979ರವರೆಗೆ ಬೂರು ದ್ವೀಪದಲ್ಲಿ ಸೆರೆಯಲ್ಲಿದ್ದ ಲೇಖಕರು ಇದನ್ನು ಮೊದಲು ಸಹಕೈದಿಗಳಿಗೆ ಬಾಯಿಮಾತಿನಲ್ಲಿ ಹೇಳಿದರು, ಬರಹಕ್ಕೆ ಇಳಿದದ್ದು ಆಮೇಲೆ. 1980ರಲ್ಲಿ ಅಚ್ಚಾಯಿತು, ಮರುವರ್ಷ ಸರಕಾರ ನಿಷೇಧಿಸಿತು. ಇಂಗ್ಲಿಷಿನಲ್ಲಿ ಓದುವುದಾದರೆ ನಿಮ್ಮ 360 ಪುಟ ಇದೊಂದಕ್ಕೇ ಹೋಗುತ್ತದೆ. ಹೋಗಲಿ. ಅಂಥವರು ಉಳಿದದ್ದನ್ನು ಗೆಳೆಯರ ಬಾಯಲ್ಲಿ ಕೇಳಿದರೆ ಸಾಕು.

ನೊಬೆಲ್ ಪಟ್ಟಿ ಹಿಡಿದು ಹೊರಡುವವರಿಗೆ ಒಂದು ಮಾತು. 1913ರಲ್ಲಿ ಟ್ಯಾಗೋರರಿಗೆ ಬಂದ ಮೇಲೆ 1968ರಲ್ಲಿ ಕವಾಬಾತ, 1994ರಲ್ಲಿ ಓಎ, 2006ರಲ್ಲಿ ಪಾಮುಕ್, 2012ರಲ್ಲಿ ಮೊ ಯಾನ್, 2024ರಲ್ಲಿ ಹಾನ್ ಕಾಂಗ್, ನಡುವೆ ಇನ್ನೊಂದಿಬ್ಬರು ಎಂದು ಪಟ್ಟಿ ಬೇಗ ಮುಗಿಯುತ್ತದೆ. ಅದರಲ್ಲಿ ಶ್ರೀಲಂಕಾ ಇಲ್ಲ, ನೇಪಾಳ ಇಲ್ಲ, ಉರ್ದುವೂ ಇಲ್ಲ. ಮಾರ್ಟಿನ್ ವಿಕ್ರಮಸಿಂಘೆ, ದೇವಕೋಟ, ಮಂಟೋ ಇವರನ್ನು ಬಿಟ್ಟು ಏಷ್ಯಾ ಓದಿದೆವು ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಪುಸ್ತಕ ಹುಡುಕುವುದು. ಗ್ರಂಥಾಲಯದಲ್ಲಿ ‘ಏಷ್ಯಾ’ ಎಂಬ ಕಪಾಟು ಇರುವುದಿಲ್ಲ. ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಡುವ ಡ್ಯೂಯಿ ದಶಮಾಂಶ ಪದ್ಧತಿ ಇರುವ ಕಡೆ ಸಾಹಿತ್ಯವನ್ನು ಜೋಡಿಸುವುದು ಭಾಷೆಯ ಪ್ರಕಾರ: ಚೀನಿ 895.1, ಜಪಾನಿ 895.6, ಕೊರಿಯನ್ 895.7, ಪಾರ್ಸಿ 891.55, ಅರಬ್ಬಿ 892.7. ತುರ್ಕಿ 894.35ರಲ್ಲಿದ್ದರೆ ಕನ್ನಡ 894.814ರಲ್ಲಿ, ಹಾಗಾಗಿ ಪಾಮುಕ್ ನಮ್ಮ ಸಾಲಿನವರೇ. ಕಾಬೂಲಿನಲ್ಲಿ ಹುಟ್ಟಿದ ಖಾಲಿದ್ ಹೊಸ್ಸೇನಿ ಇಂಗ್ಲಿಷಿನಲ್ಲಿ ಬರೆದ ಕಾರಣ ಅಮೆರಿಕದ 813ರಲ್ಲಿ ಸಿಗುತ್ತಾರೆ. ಸೂಚಿಯಲ್ಲಿ ಮನೆತನದ ಹೆಸರಿನಿಂದ ಹುಡುಕಿ. ಚೀನಿ, ಕೊರಿಯನ್ ಹೆಸರುಗಳಲ್ಲಿ ಅದು ಮೊದಲೇ ಬರುತ್ತದೆ: ಹಾನ್ ಕಾಂಗ್ ಸಿಗುವುದು ‘ಹಾನ್’ ಕೆಳಗೆ. ಜಪಾನಿಯದೂ ಹಾಗೆಯೇ, ಆದರೆ ಇಂಗ್ಲಿಷ್ ಮುಖಪುಟಗಳು ಅದನ್ನು ತಿರುವಿಡುತ್ತವೆ.

ಪುಸ್ತಕ ಕೈಗೆ ಬಂದ ಕೂಡಲೇ ಒಳಹಾಳೆ ತೆರೆದು ಯಾವ ಭಾಷೆಯಿಂದ ಬಂದ ಅನುವಾದ ಎಂದು ನೋಡಿ. ‘ಗೀತಾಂಜಲಿ’ಯನ್ನೇ ತೆಗೆದುಕೊಳ್ಳಿ. 1910ರ ಬಂಗಾಳಿ ‘ಗೀತಾಂಜಲಿ’ಯಲ್ಲಿ 157 ಪದ್ಯಗಳಿವೆ. ಟ್ಯಾಗೋರರೇ 1912ರಲ್ಲಿ ಇಂಗ್ಲಿಷಿಗೆ ತಂದದ್ದರಲ್ಲಿ 103 ಗದ್ಯರೂಪದ ಪದ್ಯಗಳು, ಅವುಗಳಲ್ಲಿ ಸುಮಾರು ಅರ್ಧ ಬೇರೆ ಸಂಕಲನಗಳವು. ಬಂಗಾಳಿಯಿಂದ ಬಂದ ಕನ್ನಡ ‘ಗೀತಾಂಜಲಿ’ ಒಬ್ಬರ ಕೈಯಲ್ಲಿ, ಇಂಗ್ಲಿಷಿನಿಂದ ಬಂದದ್ದು ಇನ್ನೊಬ್ಬರ ಕೈಯಲ್ಲಿ ಇದ್ದರೆ ಇಬ್ಬರೂ ಬೇರೆ ಬೇರೆ ಪುಸ್ತಕ ಓದುತ್ತಿರುತ್ತಾರೆ, ಚರ್ಚೆ ಹಳಿ ತಪ್ಪುವುದು ಅಲ್ಲಿ. ಹಾಗೆಂದು ನಡುವೆ ಇಂಗ್ಲಿಷ್ ಇದ್ದದ್ದೆಲ್ಲ ಕಳಪೆಯಲ್ಲ. ಉಮರ್ ಖಯ್ಯಾಮನ ಪಾರ್ಸಿ ಪದ್ಯಗಳನ್ನು ಕನ್ನಡಕ್ಕೆ ತಂದ ಡಿ.ವಿ.ಜಿ.ಯವರ ‘ಉಮರನ ಒಸಗೆ’ ಫಿಟ್ಜೆರಾಲ್ಡನ ಇಂಗ್ಲಿಷಿನ ಹಾದಿಯಲ್ಲಿ ಬಂದರೂ ಗಟ್ಟಿ ಕನ್ನಡ ಕಾವ್ಯ. ನಿಮ್ಮ ಅರವತ್ತು ಪುಟಕ್ಕೆ ಅದನ್ನೇ ನಾನು ಹೇಳುತ್ತೇನೆ.

ಓದು ನಿಲ್ಲುವುದು ಹೆಚ್ಚಾಗಿ ಹೆಸರುಗಳಿಂದ. ಮೊದಲ ಮೂವತ್ತು ಪುಟದಲ್ಲಿ ಬರುವ ಹೆಸರನ್ನೆಲ್ಲ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಎದುರಿಗೆ ಸಂಬಂಧ ಹಾಕಿ: ಅತ್ತೆ, ಸೋದರಮಾವ, ಸವತಿಯ ಮಗ. ‘ಅಂಕಲ್’ ಎಂದು ಬರೆದರೆ ಕಾಕಾನೋ ಮಾವನೋ ಎಂಬುದು ಅಳಿಸಿಹೋಗುತ್ತದೆ, ಆಸ್ತಿಯ ಜಗಳದ ಕತೆಯಲ್ಲಿ ಅದೇ ಮುಖ್ಯ. ಇನ್ನೊಂದು, ನಾಲ್ಕೂ ಪುಸ್ತಕ ಯುದ್ಧ-ಸೆರೆಮನೆಯವೇ ಆಗದಂತೆ ನೋಡಿಕೊಳ್ಳಿ. ದುಃಖವೇ ಮೇಲಿಂದ ಮೇಲೆ ಬಂದರೆ ಮೂರನೇ ವಾರಕ್ಕೆ ಕಣ್ಣು ಓದುತ್ತಿರುತ್ತದೆ, ಮನಸ್ಸು ಕೇಳುವುದಿಲ್ಲ.

ಗುಂಪಿನಲ್ಲಿ ಪ್ರತಿ ಒಂದೇ ಇದ್ದರೆ ಗಟ್ಟಿಯಾಗಿ ಓದಿ. ಚೀನಾದ ಲು ಶುನ್ 1921-22ರಲ್ಲಿ ಪತ್ರಿಕೆಗೆ ಕಂತುಕಂತಾಗಿ ಬರೆದ ‘ಆ ಕ್ಯೂ’ ಕತೆಗೆ ಒಂಬತ್ತು ಅಧ್ಯಾಯಗಳಿವೆ. ಸಂಜೆಗೆ ಮೂರರಂತೆ ಮೂರು ಸಂಜೆ. ಕೊನೆಯ ಸಂಜೆಗೆ ನಮ್ಮ ಬಾನು ಮುಷ್ತಾಕ್ ಇರಲಿ, ಕನ್ನಡವೂ ಏಷ್ಯಾದ್ದೇ. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ನ ಹನ್ನೆರಡು ಕತೆಗಳಲ್ಲಿ ಒಂದನ್ನು ಆರಿಸಿ. ಒಬ್ಬರು ಮೂಲದ ಒಂದು ಪರಿಚ್ಛೇದ ಓದಿದರೆ, ಇನ್ನೊಬ್ಬರು ಅದೇ ಪರಿಚ್ಛೇದವನ್ನು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ಓದಲಿ. ಕೇಳುವವರು ಎಲ್ಲಿ ಹಿಗ್ಗಿತು, ಎಲ್ಲಿ ಕುಗ್ಗಿತು, ಎಲ್ಲಿ ಕನ್ನಡ ಮಾತನ್ನು ಹಾಗೇ ಉಳಿಸಿಕೊಂಡಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಆ ತಿಂಗಳಲ್ಲಿ ಓದಿದ ಅನುವಾದಗಳ ಕೆಲವು ಪುಟಗಳನ್ನು ಅದೇ ಗುರುತುಗಳನ್ನಿಟ್ಟುಕೊಂಡು ಇನ್ನೊಮ್ಮೆ ತಿರುವಿಹಾಕಿ.