ಗಣಿ ಬಂದರೆ ಕೆಲಸ ಯಾರಿಗೆ?

ಎಲ್ಲರಿಗೂ ನಮಸ್ಕಾರ. ಹೊಸ ಗಣಿ ಬರುತ್ತದೆ ಅನ್ನುವ ಸುದ್ದಿಯ ಜೊತೆ ಯಾವಾಗಲೂ ಒಂದು ಸಂಖ್ಯೆ ಬರುತ್ತದೆ: ಇಷ್ಟು ಸಾವಿರ ಜನರಿಗೆ ಉದ್ಯೋಗ. ಇವತ್ತು ನಾನು ಮಾತಾಡುವುದು ಆ ಸಂಖ್ಯೆಯ ಬಗ್ಗೆ. ಅದರಲ್ಲಿ ಕಾಯಂ ಕೆಲಸ ಎಷ್ಟು, ಗುತ್ತಿಗೆಯದು ಎಷ್ಟು, ರಸ್ತೆ, ಶೆಡ್ಡು ಕಟ್ಟಿ ಮುಗಿಯುವ ತನಕ ಮಾತ್ರ ಇರುವುದು ಎಷ್ಟು, ಲಾರಿ, ಗ್ಯಾರೇಜು, ಹೋಟೆಲು ಅಂತ ಅಂದಾಜಿಗೆ ಸೇರಿಸಿದ್ದು ಎಷ್ಟು ಅಂತ ಬಿಡಿಸಿ ಹೇಳದಿದ್ದರೆ ಆ ಊರಿನವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಸಂಡೂರು, ಹೊಸಪೇಟೆ ಕಡೆ ಒಂದು ಕಾಲಕ್ಕೆ ಅದಿರು ಒಡೆಯುವುದು, ಆರಿಸುವುದು ಕೈಯಲ್ಲೇ ನಡೆಯುತ್ತಿತ್ತು. ಗಂಡ, ಹೆಂಡತಿ ಇಬ್ಬರಿಗೂ ಕೂಲಿ ಸಿಗುತ್ತಿತ್ತು. ಕಷ್ಟದ ಕೆಲಸ, ಮೈತುಂಬ ಧೂಳು. ಯಂತ್ರ ಬಂತು, ಆ ಕೂಲಿಯೂ ಹೋಯಿತು. ಈಗಿನ ಗಣಿಗೆ ಬೇಕಾಗಿರುವುದು ಎಕ್ಸ್‌ಕವೇಟರ್, ಡ್ರಿಲ್, ಡಂಪರ್ ನಡೆಸುವ ಸ್ವಲ್ಪ ಜನ. ಮೇಟ್ (ಕೆಲಸಗಾರರ ಮೇಲ್ವಿಚಾರಕ), ಬ್ಲಾಸ್ಟರ್ (ಬಂಡೆ ಸಿಡಿಸುವವನು), ಫೋರ್‌ಮನ್ ಆಗಬೇಕಾದರೆ ಗಣಿ ಸುರಕ್ಷತೆಯ ಕೇಂದ್ರ ಇಲಾಖೆಯ ಸರ್ಟಿಫಿಕೇಟ್ ಬೇಕು. ಅದು ಇರುವವರು ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬರುತ್ತಾರೆ. ಜಮೀನು ಕೊಟ್ಟ ಮನೆಯ ಹುಡುಗನಿಗೆ ಗುತ್ತಿಗೆದಾರನ ಕೈಕೆಳಗೆ ಹೆಲ್ಪರ್ ಕೆಲಸ, ಇಲ್ಲ ಅಂದರೆ ಗೇಟಿನಲ್ಲಿ ವಾಚ್‌ಮನ್ ಕೆಲಸ. ಗಣಿ ಶುರುವಾಗುವ ಮುಂಚೆ ಅವನನ್ನು ಯಾರೂ ತಯಾರು ಮಾಡಿರುವುದಿಲ್ಲ. ಹೆಣ್ಣುಮಕ್ಕಳ ಕಥೆಯೂ ಇದೇ. ತೆರೆದ ಗಣಿಯಲ್ಲಿ ರಾತ್ರಿ ಪಾಳಿಗೂ, ನೆಲದಡಿಯ ಗಣಿಯಲ್ಲಿ ತಾಂತ್ರಿಕ ಕೆಲಸಕ್ಕೂ ಅವರನ್ನು ತೆಗೆದುಕೊಳ್ಳಬಹುದು ಅಂತ 2019ರಲ್ಲೇ ಕೇಂದ್ರ ಸರ್ಕಾರ ಹೇಳಿತು. ಆದರೆ ಕಲಿಸುವವರೇ ಇಲ್ಲದಿದ್ದರೆ ಆ ಅನುಮತಿ ಇಟ್ಟುಕೊಂಡು ಅವರು ಏನು ಮಾಡಬೇಕು?

ಇನ್ನು ಲಾರಿಯವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ಮಾಡಿ ಲಾರಿ ತೆಗೆದುಕೊಂಡವನ ಕಂತು ನಿಲ್ಲಲಿಲ್ಲ. ಟಯರ್ ಅಂಗಡಿ, ಗ್ಯಾರೇಜು, ಡಾಬಾ ಎಲ್ಲಕ್ಕೂ ಏಟು ಬಿತ್ತು. ಇವರ ಹೆಸರು ಯಾವ ಗಣಿಯ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ ಅಲ್ವಾ? ಗಣಿ ಬರುವಾಗ ಉದ್ಯೋಗದ ಲೆಕ್ಕಕ್ಕೆ ಇವರನ್ನೂ ಸೇರಿಸುತ್ತಾರೆ, ಮುಚ್ಚುವಾಗ ಪರಿಹಾರದ ಲೆಕ್ಕದಲ್ಲಿ ಇವರು ಇರುವುದೇ ಇಲ್ಲ. ನನಗೆ ತುಂಬ ಸಿಟ್ಟು ಬರುವುದು ಇಲ್ಲೇ.

ಕೆಲಸ ಗಣಿಯ ಊರಲ್ಲೇ ಉಳಿಯುತ್ತದೆ ಅಂತಲೂ ಇಲ್ಲ. ಕುದುರೆಮುಖದ ಅದಿರು ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿತ್ತು. ಆ ಗಣಿ ನಡೆಸುತ್ತಿದ್ದ ಕೇಂದ್ರ ಸರ್ಕಾರದ ಕಂಪನಿ ಕೆಐಒಸಿಎಲ್‌ನ ಮುಖ್ಯ ಕಚೇರಿ ಇರುವುದು ಇಲ್ಲೇ ಬೆಂಗಳೂರಿನ ಕೋರಮಂಗಲದಲ್ಲಿ. 2005ರ ಕೊನೆಗೆ ಗಣಿ ನಿಂತಿತು, ಊರು ಖಾಲಿಯಾಯಿತು. ಅದಿರಿನ ಪುಡಿಯನ್ನು ಉಂಡೆ ಮಾಡುವ ಮಂಗಳೂರಿನ ಪೆಲೆಟ್ ಕಾರ್ಖಾನೆ ಮಾತ್ರ ಹೊರಗಿನಿಂದ ಅದಿರು ತರಿಸಿಕೊಂಡು ಉಳಿಯಿತು. ಈಗ ಆ ಕಂಪನಿ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಮಾಡಬೇಕು ಅನ್ನುತ್ತಿದೆ. ಅದಕ್ಕೆ ಸುಮಾರು 400 ಹೆಕ್ಟೇರ್ ಕಾಡು ಬೇಕು. ಮಂಗಳೂರಿನ ಕಾರ್ಮಿಕರು ತಮ್ಮ ನೌಕರಿ ಉಳಿಯಲಿ ಅಂತ ಕೇಳುತ್ತಾರೆ, ಸಂಡೂರಿನವರು ಕಾಡು ಉಳಿಯಲಿ ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಒಂದು ಜಿಲ್ಲೆಯ ಸಂಬಳಕ್ಕೆ ಇನ್ನೊಂದು ಜಿಲ್ಲೆಯ ಬೆಟ್ಟ ಕೊಡುವುದಾದರೆ ಆ ಬೆಟ್ಟದ ಕೆಳಗಿನವರಿಗೆ ಏನು ಸಿಗುತ್ತದೆ ಅಂತ ಸಂಡೂರಿನಲ್ಲೇ ಕೂತು ಮಾತಾಡಬೇಕು, ಕೋರಮಂಗಲದಲ್ಲಿ ಅಲ್ಲ.

ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಊರಿನ ಬಗ್ಗೆ ಬೆಂಗಳೂರಿನವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು, ಬೆಂಗಳೂರಿಗಿಂತ ಮೊದಲು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಜನ ಇಳಿದು ದುಡಿದರು. ಮನೆ, ನೀರು, ಆಸ್ಪತ್ರೆ ಎಲ್ಲವೂ ಕಂಪನಿಯದೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಂಬಳದ ಜೊತೆ ಕಂಪನಿಯ ಆಸರೆಯೂ ಹೋಯಿತು. ಉಳಿದದ್ದು ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ಗುಡ್ಡ, ಮತ್ತೆ ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲು. ಇವತ್ತಿಗೂ ಸಾವಿರಾರು ಜನ ಅದರಲ್ಲಿ ಬಂದು ನಮ್ಮ ಊರಿನ ಅಂಗಡಿ, ಆಫೀಸುಗಳಲ್ಲಿ ದುಡಿದು ರಾತ್ರಿ ವಾಪಸ್ ಹೋಗುತ್ತಾರೆ. ಒಂದು ದಿನ ಚಿನ್ನ ಮುಗಿಯುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು. ಆದರೂ ಸಾಕಾಗುವಷ್ಟು ಬೇರೆ ಕಸುಬು ಬರಲಿಲ್ಲ. 1960ರ ದಶಕದಲ್ಲಿ ಬಂದ, ಭಾರಿ ಯಂತ್ರ ಮಾಡುವ ಬೆಮೆಲ್ ಕಾರ್ಖಾನೆ ಒಂದೇ ಎಲ್ಲರನ್ನೂ ಸಾಕುವುದು ಹೇಗೆ?

ಹಾಗಾದರೆ ಏನು ಮಾಡಬಹುದು? ಮೊದಲನೆಯದು ಹಣ, ಅದು ಇದೆ. 2015ರ ಕಾನೂನಿನ ಪ್ರಕಾರ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಹರಾಜಿನಲ್ಲಿ ಪಡೆದ ಗಣಿಯವರು ರಾಯಲ್ಟಿಯ (ತೆಗೆದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ಹಣ) 10 ಪರ್ಸೆಂಟ್, ಹಳೆಯ ಗುತ್ತಿಗೆಯವರು 30 ಪರ್ಸೆಂಟ್ ಅದಕ್ಕೆ ಕಟ್ಟಬೇಕು. ಕೌಶಲ ತರಬೇತಿಗೂ ಆ ಹಣ ಖರ್ಚು ಮಾಡಬಹುದು. ಸುಮ್ನೆ ಸಮುದಾಯ ಭವನ, ಕಾಂಪೌಂಡು ಅಂತ ಕಟ್ಟುತ್ತಾ ಕೂರುವ ಬದಲು ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳನ್ನು ಐಟಿಐಗೆ, ಡಿಪ್ಲೊಮಾಗೆ ಕಳಿಸಿ. ಅದಿರು ಹುಡುಕುವ ಕೆಲಸಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ. ಮಂಡ್ಯದ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಅಂದಾಜು ಸಿಕ್ಕಿ ವರ್ಷಗಳೇ ಆದವು, ಗಣಿ ಇನ್ನೂ ಇಲ್ಲ. ಒಂದು ಡಿಪ್ಲೊಮಾಗೆ ಮೂರು ವರ್ಷ ಸಾಕು.

ಎರಡನೆಯದು ಆ ಸಂಖ್ಯೆ. ಕಬ್ಬಿಣದ ಅದಿರಿನ ದೊಡ್ಡ ಗಣಿಗೆ ಅನುಮತಿ ಕೊಡುವ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲೂ ಇರಬೇಕು. 30 ದಿನ ಮುಂಚೆ ನೋಟಿಸ್ ಕೊಡಬೇಕು. ಆ 30 ದಿನದಲ್ಲಿ ಉದ್ಯೋಗದ ಪುಟ ತೆಗೆದು ಓದಿ. ಕಾಯಂ ಎಷ್ಟು, ಯಾವ ಸರ್ಟಿಫಿಕೇಟ್ ಬೇಕು, ಅದನ್ನು ನಮ್ಮ ಮಕ್ಕಳಿಗೆ ಯಾವ ವರ್ಷದಿಂದ ಕಲಿಸುತ್ತೀರಿ, ಗಣಿ ಮುಚ್ಚುವಾಗ ಲಾರಿಯವರ ಗತಿ ಏನು ಅಂತ ಬರೆದು ಕೊಡಿ, ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವ ತನಕ ಬಿಡಬೇಡಿ. ಇಲ್ಲಿ ಗಣಿ ಜಿಲ್ಲೆಗಳಿಂದ ಓದಲು ಬಂದವರು ಇದ್ದರೆ, ಆ ಸಾರಾಂಶ ಊರಿಗೆ ತಲುಪಿಸಿ, ಕೂತು ಓದಿ ಹೇಳಿ.