ಒಂದು ಇಲಿ, ಎರಡು ಬಿಲ

ಕೇಳುಗರೇ, ನಮಸ್ಕಾರ. ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಾವು ನಗುತ್ತೇವೆ. ಇವತ್ತು ನಾನು ಮೊದಲೇ ಇಲಿ ಹಿಡಿದುಕೊಂಡು ಬಂದಿದ್ದೇನೆ.

ಲ್ಯಾಟಿನ್‌ನಲ್ಲಿ ಇಲಿಗೆ ‘ಮೂಸ್’ ಎನ್ನುತ್ತಾರೆ. ಡೆನ್ಮಾರ್ಕಿನ ಡೇನಿಶ್‌ನಲ್ಲೂ ‘ಮೂಸ್’. ರೋಮನ್ ಲಿಪಿಯಲ್ಲಿ ಬರೆಯುವ ಮೂರು ಅಕ್ಷರಗಳೂ (mus) ಅವೇ. ಡೇನರು ಲ್ಯಾಟಿನ್‌ನಿಂದ ಸಾಲ ತಂದಿರಬೇಕು ಅನಿಸುತ್ತದೆ, ಅಲ್ವಾ? ತಂದಿಲ್ಲ. ಎರಡೂ ಭಾಷೆಗೆ ಇದು ಅಜ್ಜಿಮನೆಯಿಂದ ಬಂದ ಪದ. ಆ ಅಜ್ಜಿಗೆ ಪಂಡಿತರು ಇಟ್ಟ ಹೆಸರು ಇಂಡೋ-ಯುರೋಪಿಯನ್ ಮೂಲಭಾಷೆ. ಸಂಸ್ಕೃತವೂ ಅದೇ ಮನೆಯ ಕುಡಿ. ಗಣಪತಿಯ ಮೂಷಿಕ ನೆನಪಾಯಿತೇ? ನಮ್ಮ ‘ಇಲಿ’ ಮಾತ್ರ ಬೇರೆ ಮನೆಯದು. ತಮಿಳು, ಮಲಯಾಳದ ‘ಎಲಿ’ ಅದರ ನೆಂಟ.

ಸುಮ್ನೆ ಒಂದು ಪದ ಹೋಲುತ್ತದೆ ಅಂತ ನಂಟು ಕಟ್ಟಲು ಬರುವುದಿಲ್ಲ. ವ್ಯಾಕರಣವೂ ಹೋಲಬೇಕು ಎಂದು ಪಟ್ಟು ಹಿಡಿದವನು ಡೆನ್ಮಾರ್ಕಿನವನೇ ಆದ ಭಾಷಾಪಂಡಿತ ರಾಸ್ಮುಸ್ ರಾಸ್ಕ್. ಉತ್ತರ ಯುರೋಪಿನ ಭಾಷೆಗಳಿಗೂ ಲ್ಯಾಟಿನ್, ಗ್ರೀಕಿಗೂ ಇರುವ ನಂಟನ್ನು ಅವನು 1818ರಲ್ಲಿ ಅಚ್ಚಾದ ಪ್ರಬಂಧದಲ್ಲಿ ತೋರಿಸಿದ.

ಈಗ ವ್ಯಾಕರಣ ನೋಡಿ. ಲ್ಯಾಟಿನ್‌ನಲ್ಲಿ ‘ಇಲಿಯ’ ಎನ್ನಲು ‘ಮೂರಿಸ್’, ‘ಇಲಿಯನ್ನು’ ಎನ್ನಲು ‘ಮೂರೆಮ್’. ಮೂಸ್‌ನ ಸಕಾರ ಎಲ್ಲಿ ಹೋಯಿತು? ಹಳೆಯ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಸಕಾರ ರಕಾರವಾಗಿಬಿಟ್ಟಿತು. ಬರೀ ‘ಮೂಸ್’ನಲ್ಲಿ ಸಕಾರದ ಮುಂದೆ ಸ್ವರವಿಲ್ಲ. ಹಾಗಾಗಿ ಅದು ಬಚಾವಾಯಿತು.

ಡೇನಿಶ್‌ಗೆ ಇಷ್ಟು ವಿಭಕ್ತಿಯ ತಾಪತ್ರಯವಿಲ್ಲ. ‘ಎನ್ ಮೂಸ್’ ಅಂದರೆ ಒಂದು ಇಲಿ. ಬಾಲಕ್ಕೆ ‘ಎನ್’ ಅಂಟಿ ‘ಮೂಸೆನ್’ ಆದರೆ, ಮೊದಲೇ ಗೊತ್ತಿರುವ ಆ ಇಲಿ. ಇಂಗ್ಲಿಷಿನ ಮೌಸ್ ಬಹುವಚನದಲ್ಲಿ ಮೈಸ್ ಆಗುತ್ತದೆ. ಡೇನಿಶ್‌ನಲ್ಲಿ ಎರಡಿದ್ದರೂ ಹತ್ತಿದ್ದರೂ ‘ಮೂಸ್’ ಅಷ್ಟೇ. ನಾವೂ ಮನೆಯಲ್ಲಿ ‘ಎರಡು ಇಲಿ ಬಿದ್ದಿವೆ’ ಅನ್ನುತ್ತೇವೆಯೇ ಹೊರತು ‘ಎರಡು ಇಲಿಗಳು’ ಅನ್ನುವುದು ಕಡಿಮೆ.

ನನಗೆ ಜಾಸ್ತಿ ಇಷ್ಟವಾದದ್ದು ಈ ಇಲಿಯ ಮರಿ. ತೋಳು ಮಡಚಿದಾಗ ಚರ್ಮದ ಕೆಳಗೆ ಏನೋ ಉಬ್ಬಿ ಓಡುತ್ತದಲ್ಲ, ರೋಮನ್ನರು ಅದಕ್ಕೆ ‘ಮುಸ್ಕುಲುಸ್’, ಅಂದರೆ ಪುಟ್ಟ ಇಲಿ, ಎಂದರು. ನಗಬೇಡಿ, ನಾವು ಕಾಲಿನಲ್ಲಿ ಮೀನು ಕಂಡು ಮೀನಖಂಡ ಎಂದವರು! ಇಂಗ್ಲಿಷಿನ ಮಸಲ್ ಇದರಿಂದಲೇ ಬಂತು. ಡೇನಿಶ್‌ನಲ್ಲಿ ಇದು ‘ಮುಸ್ಕೆಲ್’. ಈ ಪದ ಮಾತ್ರ ನಿಜವಾಗಿಯೂ ಲ್ಯಾಟಿನ್‌ನಿಂದ ಬಂದ ಸಾಲ. ಅಲ್ಲಿಗೆ ಡೇನರ ಮನೆಗೆ ಒಂದೇ ಇಲಿ ಎರಡು ಸಲ ನುಗ್ಗಿದೆ.

ನಮಸ್ಕಾರ.