ಕೆಂಪು ಗುಂಡಿ ಕರೆಂಟನ್ನೇ ಕತ್ತರಿಸಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಮನೆಯ ಶೆಡ್ಡಿನಲ್ಲೋ ಮಹಡಿಯ ರೂಮಿನಲ್ಲೋ ಸಣ್ಣ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಮೆಷಿನ್, ಇಟ್ಟುಕೊಂಡವರು ಈಗ ಜಾಸ್ತಿ ಆಗಿದ್ದಾರೆ. ಬಾಗಿಲಿಗೆ ಹೂಬಳ್ಳಿ ಕೆತ್ತುವವರು, ನೇಮ್ ಬೋರ್ಡ್ ಮಾಡುವವರು, ಪ್ರಾಜೆಕ್ಟಿಗೆ ಅಂತ ಮೆಷಿನ್ ಕಟ್ಟಿಕೊಂಡ ಡಿಪ್ಲೊಮಾ ಹುಡುಗರು. ಇವತ್ತಿನ ಮಾತು ನಿಮಗೇ. ಹೇಳುವುದು ಒಂದೇ ವಿಷಯ. ಎಮರ್ಜೆನ್ಸಿ ಸ್ಟಾಪ್ ಗುಂಡಿ ಒತ್ತಿದರೆ ಮೋಟಾರಿನ ಕರೆಂಟು ಹೋಗಬೇಕು. ‘ನಿಲ್ಲು’ ಅಂತ ಬೋರ್ಡಿಗೆ ಹೇಳಿ ಸುಮ್ಮನಾಗುವ ಗುಂಡಿ ಸಾಲದು.

ನಿಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಮೆಷಿನ್ ನಡೆಸುವ ಸಣ್ಣ ಬೋರ್ಡ್ ಆರ್ಡುಯಿನೊ ಊನೊ, ಅದರ ಮೇಲೊಂದು ಸಿಎನ್‌ಸಿ ಶೀಲ್ಡ್, ಅಂದರೆ ಸ್ಟೆಪ್ಪರ್ ಮೋಟಾರು ಓಡಿಸುವ ಡ್ರೈವರ್‌ಗಳು ಕೂರುವ ಬೋರ್ಡ್. ಆ ಶೀಲ್ಡಿನಲ್ಲಿ ‘ಇ-ಸ್ಟಾಪ್’ ಅಂತಲೇ ಬರೆದ ಎರಡು ಪಿನ್ ಇರುತ್ತವೆ. ಜನ ಅಲ್ಲಿಗೆ ಎರಡು ವೈರ್ ಹಾಕಿ, ಕೆಂಪು ಗುಂಡಿ ಕೂರಿಸಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಪಿನ್ ಮಾಡುವುದು ಆರ್ಡುಯಿನೊದ ರೀಸೆಟ್ ಗುಂಡಿಯ ಕೆಲಸ, ಅಷ್ಟೇ. ಕೆತ್ತುವ ಬಿಟ್ಟನ್ನು ತಿರುಗಿಸುವ ಮೋಟಾರಿಗೆ, ಅಂದರೆ ಸ್ಪಿಂಡಲ್‌ಗೆ, ಬೇರೆ ಸ್ವಿಚ್ ಇದ್ದರೆ ಅದು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ.

ಒಂದು ಘಟನೆ ಹೇಳುತ್ತೇನೆ, ಪೂರ್ತಿ ಕೇಳಿ. ಮರದ ಕೆತ್ತನೆ ಮಾಡುವ ಒಬ್ಬರು ಫೋನ್ ಮಾಡಿದರು. “ಸಾರ್, ಬೋರ್ಡ್ ಹೋಗಿದೆ, ಬೇರೆ ಹಾಕಿಕೊಡಿ” ಅಂದರು. ಏನಾಯ್ತು ಅಂದೆ. ತೇಗದ ಹಲಗೆ ಕೆತ್ತುತ್ತಿದ್ದಾಗ ಬಿಟ್ ಹೋಗಿ ಕ್ಲ್ಯಾಂಪಿಗೆ ಹೊಡೆದಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ. ಇವರು ಕೆಂಪು ಗುಂಡಿ ಒತ್ತಿದ್ದಾರೆ. ನಿಲ್ಲಲಿಲ್ಲ. ಮತ್ತೆ ಗುದ್ದಿದ್ದಾರೆ. ಆಗಲೂ ನಿಲ್ಲಲಿಲ್ಲ. ಕೊನೆಗೆ ಅವರ ಅಕ್ಕನ ಮಗ ಓಡಿ ಹೋಗಿ ಪ್ಲಗ್ಗನ್ನೇ ಕಿತ್ತಿದ್ದಾನೆ.

ಹೋಗಿ ನೋಡಿದೆ. ಬೋರ್ಡ್ ಸರಿಯಾಗೇ ಇತ್ತು. ಮಲ್ಟಿಮೀಟರನ್ನು ಬೀಪ್‌ಗೆ (ವೈರ್ ಸೇರಿದ್ದರೆ ಶಬ್ದ ಬರುತ್ತದೆ) ಇಟ್ಟು ಗುಂಡಿಯ ಹತ್ತಿರವೇ ನೋಡಿದೆ. ಒತ್ತಿದರೆ ಬೀಪ್ ಬಂತು. ಬೋರ್ಡಿನ ತುದಿಯಲ್ಲಿ ನೋಡಿದರೆ ಇಲ್ಲ. ಗುಂಡಿ ಇದ್ದದ್ದು ಗ್ಯಾಂಟ್ರಿಯ ಮೇಲೆ, ಅಂದರೆ ಸ್ಪಿಂಡಲ್ ಹೊತ್ತು ಓಡಾಡುವ ಅಡ್ಡ ತೊಲೆಯ ಮೇಲೆ. ವೈರ್ ಬಂದದ್ದು ಡ್ರ್ಯಾಗ್ ಚೈನಿನ ಒಳಗಿಂದ, ಅಂದರೆ ಗ್ಯಾಂಟ್ರಿ ಜೊತೆ ಮಡಚುತ್ತಾ ಓಡಾಡುವ ಸರಪಳಿಯ ಒಳಗಿಂದ. ಎಳೆದು ತೆಗೆದರೆ, ಮನೆ ವೈರಿಂಗಿಗೆ ಹಾಕುವ ಒಂಟಿ ಎಳೆಯ ತಂತಿ! ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಇದೆ. ಬೆರಳಲ್ಲಿ ಒತ್ತುತ್ತಾ ಹೋದರೆ ಒಂದು ಕಡೆ ಮೆತ್ತಗೆ ಮಡಚಿಕೊಂಡಿತು. ಒಳಗೆ ತಾಮ್ರ ತುಂಡು. ಯಾವತ್ತು ತುಂಡಾಯಿತು? ಯಾರಿಗೂ ಗೊತ್ತಿಲ್ಲ. ಅಲ್ಲಿವರೆಗೂ ಅವರು ಆ ಗುಂಡಿಯನ್ನು ನಂಬಿಕೊಂಡೇ ಕೆಲಸ ಮಾಡಿದ್ದಾರೆ.

ಅವರು ಹಾಕಿದ್ದು ಎನ್‌ಓ ಕಾಂಟ್ಯಾಕ್ಟ್. ಒತ್ತಿದಾಗ ಮಾತ್ರ ಸೇರುವುದು. ವೈರ್ ತುಂಡಾದರೆ ಸುಳಿವೇ ಸಿಗುವುದಿಲ್ಲ. ಬೇಕಿರುವುದು ಎನ್‌ಸಿ. ಯಾವಾಗಲೂ ಸೇರಿಕೊಂಡೇ ಇದ್ದು, ಒತ್ತಿದಾಗ ಬಿಡುವುದು. ರಾತ್ರಿ ಬೀದಿಯಲ್ಲಿ ವಾಚ್‌ಮನ್ ಸೀಟಿ ಊದುತ್ತಾ ಹೋಗುತ್ತಾನಲ್ಲ, ಹಾಗೆ. ಸೀಟಿ ಕೇಳುತ್ತಿದ್ದರೆ ಎಲ್ಲ ಸರಿ. ನಿಂತರೆ ಏನೋ ಆಗಿದೆ. ಎನ್‌ಸಿ ವೈರ್ ತುಂಡಾದರೂ, ಸ್ಕ್ರೂ ಸಡಿಲವಾದರೂ, ಇಲಿ ಕಡಿದರೂ ಮೆಷಿನ್ ತಾನೇ ನಿಲ್ಲುತ್ತದೆ.

ಅವರಿಗೆ ಎನ್‌ಸಿ ಗುಂಡಿಯ ಜೊತೆ ಒಂದು ಕಾಂಟ್ಯಾಕ್ಟರ್ ಹಾಕಿಕೊಟ್ಟೆ. ತನ್ನ ಕಾಯಿಲ್‌ಗೆ ಕರೆಂಟು ಇರುವವರೆಗೆ ಮಾತ್ರ ಮೆಷಿನ್ನಿನ ಲೈನ್ ಸೇರಿಸಿ ಹಿಡಿಯುವ ಸ್ವಿಚ್ ಅದು. ಆಗ ಅವರ ಪ್ರಶ್ನೆ, “ಸಾರ್, ಕೆಲಸದ ಮಧ್ಯೆ ವೈರ್ ತುಂಡಾದರೆ ಹಲಗೆ ಹಾಳಾಗುತ್ತಲ್ಲ?” ಹಾಳಾಗಲಿ ಬಿಡಿ! ಹಲಗೆ ಮತ್ತೆ ಸಿಗುತ್ತದೆ, ಬೆರಳು ಸಿಗಲ್ಲ. ಈ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳುತ್ತಾರೆ, ನನಗೆ ಬೇಜಾರಾಗುತ್ತದೆ. ಮೆಷಿನ್ ಖಾಲಿ ಓಡುತ್ತಿದ್ದಾಗಲೇ ಗುಂಡಿಯ ಒಂದು ವೈರ್ ಬಿಚ್ಚಿದೆ. ಕಾಂಟ್ಯಾಕ್ಟರ್ ಟಕ್ ಅಂತ ಬಿಟ್ಟಿತು. ಅವರ ಕೈಯಲ್ಲೂ ಹಾಗೇ ಮಾಡಿಸಿದೆ. ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ.

ವೈರಿಂಗ್ ಹೇಗೆ? ಪೆನ್ನು ತೆಗೆದುಕೊಳ್ಳಿ. 24 ವೋಲ್ಟ್ ಕಾಯಿಲ್ ಇರುವ ಕಾಂಟ್ಯಾಕ್ಟರ್ ತನ್ನಿ. ಅದಕ್ಕೆ ಬೇರೆಯದೇ ಆದ ಸಣ್ಣ 24 ವೋಲ್ಟ್ ಸಪ್ಲೈ ಇರಲಿ. ಪ್ಲಸ್ ಮೊದಲು ಕೆಂಪು ಗುಂಡಿಯ ಎನ್‌ಸಿಗೆ, ಅಲ್ಲಿಂದ ಹಸಿರು ಸ್ಟಾರ್ಟ್ ಬಟನ್ನಿಗೆ, ಅಲ್ಲಿಂದ ಕಾಯಿಲ್‌ಗೆ, ಕಾಯಿಲ್‌ನ ಇನ್ನೊಂದು ತುದಿ ಮೈನಸ್‌ಗೆ. ಸ್ಟಾರ್ಟ್ ಬಟನ್ನಿಗೆ ಪ್ಯಾರಲಲ್ ಆಗಿ ಕಾಂಟ್ಯಾಕ್ಟರಿನದೇ ಒಂದು ಎನ್‌ಓ ಕಾಂಟ್ಯಾಕ್ಟ್, ಹಸಿರು ಬಿಟ್ಟ ಮೇಲೂ ಕಾಯಿಲ್‌ಗೆ ಕರೆಂಟು ಇರಲಿ ಅಂತ. ಡ್ರೈವರ್ ಸಪ್ಲೈಗೂ ಸ್ಪಿಂಡಲ್‌ಗೂ ಹೋಗುವ 230 ವೋಲ್ಟ್ ಈ ಕಾಂಟ್ಯಾಕ್ಟರ್ ದಾಟಿಯೇ ಹೋಗಲಿ. ನಮ್ಮಲ್ಲಿ ಕರೆಂಟು ಹೋಗಿ ಬರುವುದು ಮಾಮೂಲು ಅಲ್ವಾ? ಹೀಗೆ ಮಾಡಿದರೆ ಕರೆಂಟು ಬಂದ ಕೂಡಲೇ ಸ್ಪಿಂಡಲ್ ತಾನಾಗಿ ಶುರುವಾಗುವುದಿಲ್ಲ. ಕೆಂಪು ಗುಂಡಿ ತಿರುಗಿಸಿ ಬಿಟ್ಟರೂ ಶುರುವಾಗುವುದಿಲ್ಲ. ಹಸಿರು ಒತ್ತಲೇಬೇಕು.

ಗುಂಡಿ ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ. ಸಾಮಾನ್ಯವಾಗಿ ಕೆಂಪು ಬ್ಲಾಕ್ ಎನ್‌ಸಿ, ಹಸಿರು ಬ್ಲಾಕ್ ಎನ್‌ಓ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡೂ ಸಿಗುತ್ತವೆ. ಗುಂಡಿ ಒತ್ತಿದರೆ ಒತ್ತಿದ ಹಾಗೇ ಕೂರಬೇಕು. ಡ್ರ್ಯಾಗ್ ಚೈನಿಗೆ ಬಹು ಎಳೆಯ ಮೆತ್ತನೆ ಕೇಬಲ್ಲೇ ಹಾಕಿ.

ರಿಪೇರಿ ಬಗ್ಗೆ ಬಹಳ ಹೇಳಬೇಕಿತ್ತು, ಸಮಯ ಮುಗಿಯುತ್ತಾ ಬಂದಿದೆ. ಬೇಗ ಎರಡು ಮಾತು. ಪವರ್ ಇದ್ದಾಗ ಸ್ಟೆಪ್ಪರ್ ಮೋಟಾರಿನ ವೈರ್ ಕೀಳಬೇಡಿ. ಡ್ರೈವರ್ ಸುಟ್ಟುಹೋಗಬಹುದು. ಇನ್ನು ಸ್ಪಿಂಡಲ್‌ನ ವಿಎಫ್‌ಡಿ, ಅಂದರೆ ಅದರ ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ. ಅದರ ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಸ್ವಿಚ್ ಆರಿಸಿದರೂ, ಕೆಂಪು ಗುಂಡಿ ಒತ್ತಿದರೂ ಅದು ತಕ್ಷಣ ಇಳಿಯುವುದಿಲ್ಲ. ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಮೀಟರಿನಲ್ಲಿ ಅಳೆದ ಮೇಲೇ ಒಳಗೆ ಕೈ ಹಾಕಿ.

ಕೊನೆಗೆ, ಇವತ್ತು ಸಂಜೆಯೇ ಒಂದು ಕೆಲಸ ಮಾಡಿ. ಬಿಟ್ ಬಿಚ್ಚಿಟ್ಟು ಮೆಷಿನ್ ಖಾಲಿ ಓಡಿಸಿ, ಕೆಂಪು ಗುಂಡಿ ಒತ್ತಿ. ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಗ್ಯಾಂಟ್ರಿಯನ್ನು ಕೈಯಿಂದ ಮೆಲ್ಲಗೆ ತಳ್ಳಿ; ಸ್ಕ್ರೂ ಮೇಲೆ ಓಡುವ ಮೆಷಿನ್ ಆದರೆ ಆ ಸ್ಕ್ರೂವನ್ನೇ ಕೈಯಿಂದ ತಿರುಗಿಸಿ. ಸರಿದರಷ್ಟೇ ಸಾಲದು, ಡ್ರೈವರ್ ಸಪ್ಲೈಯ ದೀಪವೂ ಆರಬೇಕು. ಕಲ್ಲಿನ ಹಾಗೆ ಬಿಗಿಯಾಗಿ ನಿಂತಿದ್ದರೆ, ದೀಪ ಉರಿಯುತ್ತಲೇ ಇದ್ದರೆ, ಮೋಟಾರಿಗೆ ಇನ್ನೂ ಕರೆಂಟು ಹೋಗುತ್ತಿರಬಹುದು. ಆ ವೈರಿಂಗ್ ಬದಲಾಯಿಸುವವರೆಗೆ ಮೆಷಿನ್ ಓಡಿಸಬೇಡಿ. ನಮಸ್ಕಾರ.